ಹಿಮ ಬಿದ್ದ ದಿನ ನ್ಯಾನಿಯ ಸಂಬಳ: ನಮ್ಮ ಮನೆಯ ಕಟ್ಟುಪಾಡು

ನ್ಯೂಜೆರ್ಸಿಯಲ್ಲಿ ಚಿಕ್ಕ ಮಕ್ಕಳನ್ನಿಟ್ಟುಕೊಂಡು ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವ ನಮ್ಮಂಥವರ ನಡುವೆ ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಒಂದೇ ಪ್ರಶ್ನೆ ಸುತ್ತುತ್ತಿರುತ್ತದೆ. ಹಿಮ ಬಿದ್ದು ನ್ಯಾನಿ, ಅಂದರೆ ಮನೆಗೆ ಬಂದು ಮಕ್ಕಳನ್ನು ನೋಡಿಕೊಳ್ಳುವವರು, ಬರಲಿಲ್ಲ, ಆ ದಿನದ ಸಂಬಳ ಕೊಡಬೇಕೆ? ಕಚೇರಿಯಲ್ಲಿ ನನ್ನ ಕೆಲಸವೇ ಸಂಬಳದ ಪಟ್ಟಿ ತಯಾರಿಸುವುದು. ಹಾಗಾಗಿ ಹುಟ್ಟುಹಬ್ಬದ ಊಟಕ್ಕೆ ಹೋದರೂ, ಕನ್ನಡ ಶಾಲೆಯ ಬಾಗಿಲಲ್ಲಿ ಮಗನಿಗಾಗಿ ಕಾಯುತ್ತಿದ್ದರೂ, ಯಾರಾದರೊಬ್ಬರು ಪಕ್ಕಕ್ಕೆ ಕರೆದು ಇದನ್ನೇ ಕೇಳುತ್ತಾರೆ. ಕೊಡಿ ಎನ್ನುತ್ತೇನೆ. ಆದರೆ ಯಾವ ದಿನಕ್ಕೆ, ಎಷ್ಟು, ಯಾವ ಲೆಕ್ಕದಲ್ಲಿ ಎಂಬುದನ್ನು ಅಕ್ಟೋಬರ್ ತಿಂಗಳಲ್ಲೇ ಕೂತು ಬರೆದಿಟ್ಟುಕೊಳ್ಳಿ. ಬೆಳಗಿನ ಐದೂವರೆಗೆ, ಹೊರಗೆ ಬೀದಿ ಕಾಣದಷ್ಟು ಬಿಳಿಯಾಗಿರುವಾಗ, ಫೋನಿನಲ್ಲಿ ಹಣದ ಮಾತು ಆಡಲು ಹೋದರೆ ಇಬ್ಬರ ಮನಸ್ಸೂ ಕಹಿಯಾಗುತ್ತದೆ.

ಮೊದಲು ನಮ್ಮ ಮನೆಯ ಸ್ಥಿತಿ ಹೇಳಿಬಿಡುತ್ತೇನೆ, ಮುಂದಿನ ಲೆಕ್ಕಗಳೆಲ್ಲ ಅದರ ಮೇಲೆಯೇ ನಿಂತಿವೆ. ಎರಡು ವರ್ಷದ ಮಗಳು ಇಡೀ ದಿನ ಮನೆಯಲ್ಲಿರುತ್ತಾಳೆ, ಮಗ ಒಂದನೇ ತರಗತಿ. ನನ್ನವರಿಗೆ ಆಸ್ಪತ್ರೆಯ ಕೆಲಸ; ಎಷ್ಟೇ ಹಿಮ ಬೀಳಲಿ, ಆಸ್ಪತ್ರೆಗೆ ರಜೆ ಇಲ್ಲ. ನಾನು ಅಗತ್ಯ ಬಿದ್ದರೆ ಮನೆಯಿಂದ ಕೆಲಸ ಮಾಡಬಹುದು, ಆದರೆ ಸಂಬಳ ಬಟವಾಡೆಯ ವಾರ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಮಾಡುವ ಕೆಲಸವಲ್ಲ ಅದು. ನಮ್ಮ ನ್ಯಾನಿ ಬೆಳಿಗ್ಗೆ ಏಳೂವರೆಯಿಂದ ಸಂಜೆ ನಾಲ್ಕೂವರೆಯವರೆಗೆ ಇರುತ್ತಾರೆ, ವಾರಕ್ಕೆ ಐದು ದಿನ, ಒಟ್ಟು 45 ಗಂಟೆ. ಬರುವುದು ಅವರದೇ ಹಳೆಯ ಸಣ್ಣ ಕಾರಿನಲ್ಲಿ.

ಕಾನೂನಿನ ಮಾತನ್ನು ಬೇಗ ಮುಗಿಸೋಣ. ಅಮೆರಿಕದಲ್ಲಿ ನ್ಯಾನಿ ಎಂದರೆ ಗಂಟೆ ಲೆಕ್ಕದ ನೌಕರರು. 1938ರ ಫೇರ್ ಲೇಬರ್ ಸ್ಟ್ಯಾಂಡರ್ಡ್ಸ್ ಆ್ಯಕ್ಟ್ ಪ್ರಕಾರ ವಾರಕ್ಕೆ 40 ಗಂಟೆ ಮೀರಿದ ಕೆಲಸಕ್ಕೆ ಒಂದೂವರೆ ಪಟ್ಟು ಕೊಡಬೇಕು. ನ್ಯಾನಿ ನಿಮ್ಮ ಮನೆಯಲ್ಲೇ ವಾಸವಿದ್ದರೆ ಕೇಂದ್ರ ಕಾನೂನಿನಲ್ಲಿ ಓವರ್‌ಟೈಮ್ ವಿನಾಯಿತಿ ಇದೆ, ಗಂಟೆಗಳ ಲೆಕ್ಕ ಇಡುವುದರಿಂದ ಮಾತ್ರ ವಿನಾಯಿತಿ ಇಲ್ಲ. ಇದೇ ಕಾನೂನು ಮಾಡದ ಕೆಲಸಕ್ಕೆ ಸಂಬಳ ಕೊಡಿ ಎಂದು ಎಲ್ಲೂ ಹೇಳುವುದಿಲ್ಲ. ಅಂದರೆ ಹಿಮದ ದಿನದ ಸಂಬಳ ನಿಂತಿರುವುದು ನೀವಿಬ್ಬರೂ ಸಹಿ ಹಾಕಿದ ಕಾಗದದ ಮೇಲೆ. ನ್ಯೂಜೆರ್ಸಿಯಲ್ಲಂತೂ 2024ರ ಜುಲೈ 1ರಿಂದ ಜಾರಿಗೆ ಬಂದ ಮನೆಗೆಲಸದವರ ಹಕ್ಕುಗಳ ಕಾಯ್ದೆಯ ಪ್ರಕಾರ ಲಿಖಿತ ಒಪ್ಪಂದ ಇರಲೇಬೇಕು. ಹೇಗೂ ಬರೆಯಬೇಕಾದ ಕಾಗದ, ಅದರಲ್ಲಿ ಚಳಿಗಾಲಕ್ಕೊಂದು ಪುಟ ಸೇರಿಸಿ. ಅವರಿಗೆ ಸಲೀಸಾದ ಭಾಷೆಯಲ್ಲೂ ಒಂದು ಪ್ರತಿ ಮಾಡಿಸಿ. ಅರ್ಥವಾಗದ ಕಾಗದಕ್ಕೆ ಹಾಕಿಸಿಕೊಂಡ ಸಹಿಯಿಂದ ಯಾರಿಗೂ ಪ್ರಯೋಜನವಿಲ್ಲ.

ಕಾನೂನು ಕೇಳದಿದ್ದರೆ ಕೊಡುವುದೇಕೆ ಎಂದು ನಮ್ಮವರು ತಕ್ಷಣ ಕೇಳುತ್ತಾರೆ. ಊರಿನಲ್ಲಿ ಮನೆಗೆಲಸದವರು ಬಾರದ ದಿನ ಲೆಕ್ಕ ಹಾಕಿ ಸಂಬಳ ಮುರಿದುಕೊಂಡು ಬೆಳೆದವರು ನಾವು. ಆ ಅಭ್ಯಾಸ ವಿಮಾನ ಹತ್ತಿ ನಮ್ಮ ಜೊತೆಗೇ ಬಂದಿದೆ. ಇಲ್ಲಿ ಸ್ವಲ್ಪ ಯೋಚಿಸಿ. ನಿಮ್ಮ ಕಚೇರಿ ಹಿಮಕ್ಕೆ ಬಾಗಿಲು ಮುಚ್ಚಿದರೆ ತಿಂಗಳ ಸಂಬಳದಲ್ಲಿ ಒಂದು ಡಾಲರೂ ಕಡಿಮೆಯಾಗುವುದಿಲ್ಲ. ನ್ಯಾನಿ ತಮ್ಮ ಮಂಗಳವಾರವನ್ನು ನಿಮಗೆಂದೇ ಮೀಸಲಿಟ್ಟಿದ್ದಾರೆ, ಅದನ್ನು ಬೆಳಿಗ್ಗೆ ಆರು ಗಂಟೆಗೆ ಬೇರೆ ಮನೆಗೆ ಕೊಡಲು ಸಾಧ್ಯವಿಲ್ಲ. ಅವರ ಮನೆ ಬಾಡಿಗೆ ಹಿಮ ನೋಡಿ ಇಳಿಯುವುದಿಲ್ಲ. ಇದಕ್ಕೇ ಇಲ್ಲಿ ವಾರಕ್ಕೆ ಇಷ್ಟು ಗಂಟೆಯ ಸಂಬಳ ಖಾತ್ರಿ ಎಂದು ಬರೆದುಕೊಡುವ ರೂಢಿ ಬಂದಿರುವುದು. ಸ್ವಾರ್ಥದ ಕಾರಣವೂ ಒಂದಿದೆ, ಅದನ್ನು ಮುಚ್ಚಿಡುವುದಿಲ್ಲ. ಬಂದರಷ್ಟೇ ಸಂಬಳ ಎಂದಾದರೆ ಜಾರುವ ರಸ್ತೆಯಲ್ಲೂ ಅವರು ಕಾರು ತೆಗೆದುಕೊಂಡು ಹೊರಡುತ್ತಾರೆ. ಅದೇ ಕಾರಿನಲ್ಲಿ ಮಧ್ಯಾಹ್ನ ನನ್ನ ಮಗನನ್ನು ಶಾಲೆಯಿಂದ ಕರೆತರುತ್ತಾರೆ. ಭಯವಾದರೂ ಹೊರಡಲೇಬೇಕು ಎಂಬ ಒತ್ತಡ ಆ ಚಕ್ರದ ಹಿಂದೆ ಇರುವುದು ನನಗೆ ಬೇಡ.

ಈಗ ಹಣ. ಇಲ್ಲಿ ನಿಧಾನವಾಗಿ ಓದಿ, ಹೆಚ್ಚಿನವರು ಎಡವುವುದು ಇಲ್ಲೇ. ಗಂಟೆಗೆ 24 ಡಾಲರ್ ಎಂದಿಟ್ಟುಕೊಳ್ಳಿ. ಮಾಮೂಲಿ ವಾರ 40 ಗಂಟೆಗೆ 960, ಉಳಿದ 5 ಗಂಟೆಗೆ ಒಂದೂವರೆ ಪಟ್ಟು ಅಂದರೆ 36ರಂತೆ 180, ಒಟ್ಟು 1,140 ಡಾಲರ್. ಮಂಗಳವಾರ ಹಿಮ ಬಿತ್ತು, 9 ಗಂಟೆ ಹೋಯಿತು. ದುಡಿದದ್ದು 36 ಗಂಟೆ. ಖಾತ್ರಿಯ ಮಾತೇ ಇಲ್ಲದಿದ್ದರೆ ಕೈಗೆ ಬರುವುದು 864. ಒಂದು ದಿನ ಎಂದರೆ 216 ಡಾಲರ್ ತಾನೇ ಎಂದು ನಾವು ಅಂದುಕೊಂಡಿರುತ್ತೇವೆ. ಅವರು ಕಳೆದುಕೊಂಡದ್ದು 276. ಓವರ್‌ಟೈಮೂ ಆ ದಿನದ ಜೊತೆಗೇ ಕೊಚ್ಚಿಹೋಗಿರುತ್ತದೆ.

ಸರಿ, 45 ಗಂಟೆ ಖಾತ್ರಿ ಎಂದು ಒಪ್ಪಂದದಲ್ಲಿ ಬರೆದಿದ್ದೀರಿ. ಹಾಗಾದರೆ ಆ ವಾರ ಎಷ್ಟು ಕೊಡುತ್ತೀರಿ? ಓವರ್‌ಟೈಮ್ ಎನ್ನುವುದು ನಿಜವಾಗಿ ದುಡಿದ ಗಂಟೆಗಳಿಗೆ ಮಾತ್ರ ಅನ್ವಯಿಸುತ್ತದೆ. ಮನೆಯಲ್ಲಿ ಕೂತ 9 ಗಂಟೆ ಸೇರಿಸಿ 40 ದಾಟಿತು ಎನ್ನುವ ಹಾಗಿಲ್ಲ. ಆದ್ದರಿಂದ 45 ಗಂಟೆಗೂ 24ರಂತೆ 1,080 ಕೊಟ್ಟರೆ ಕಾನೂನಿಗೆ ತಕರಾರಿಲ್ಲ. ನ್ಯಾನಿಯ ನಿರೀಕ್ಷೆ ಮಾತ್ರ 1,140 ಆಗಿರುತ್ತದೆ. ನಡುವಿನ 60 ಡಾಲರ್‌ಗೆ ವರ್ಷಗಟ್ಟಲೆ ಕಟ್ಟಿದ ವಿಶ್ವಾಸ ಸಡಿಲವಾದದ್ದನ್ನು ಗೆಳತಿಯರ ಮನೆಗಳಲ್ಲಿ ನೋಡಿದ್ದೇನೆ. ನಮ್ಮ ಒಪ್ಪಂದದಲ್ಲಿ ಗಂಟೆಗಳ ಖಾತ್ರಿಯ ಜೊತೆಗೆ ಮೊತ್ತವನ್ನೂ ಬರೆದಿದ್ದೇವೆ: "ಮನೆಯವರು ರಜೆ ಕೊಟ್ಟರೂ, ಹಿಮಕ್ಕೆ ರಸ್ತೆ ಮುಚ್ಚಿದರೂ ವಾರದ ಸಂಬಳ 1,140 ಡಾಲರ್‌ಗಿಂತ ಕಡಿಮೆಯಾಗುವುದಿಲ್ಲ." ನೀವು 1,080 ಎಂದೇ ಬರೆದುಕೊಳ್ಳಿ, ತಪ್ಪೇನಿಲ್ಲ, ಆದರೆ ಅಂಕಿಯಲ್ಲೇ ಬರೆಯಿರಿ. ಸಂಬಳದ ಚೀಟಿಯಲ್ಲಿ ದುಡಿದ ಗಂಟೆ ಒಂದು ಸಾಲು, ಹಿಮದ ರಜೆಯ ಹಣ ಇನ್ನೊಂದು ಸಾಲು. ಎರಡೂ ಸಂಬಳವೇ. ಸೋಷಿಯಲ್ ಸೆಕ್ಯೂರಿಟಿ (ಸರ್ಕಾರಿ ಪಿಂಚಣಿ) ಮತ್ತು ಮೆಡಿಕೇರ್ (ವಯಸ್ಸಾದವರ ಆರೋಗ್ಯ ವಿಮೆ) ತೆರಿಗೆ ಸೇರಿ ಅವರಿಂದ 7.65 ಶೇಕಡಾ, ನಿಮ್ಮಿಂದ 7.65 ಶೇಕಡಾ, ಎರಡೂ ಸಾಲಿಗೆ ಲೆಕ್ಕ ಹಾಕಬೇಕು. ಮಾಡದ ಕೆಲಸದ ದುಡ್ಡಲ್ಲವೇ ಎಂದು ಅದನ್ನು ಲಕೋಟೆಯಲ್ಲಿಟ್ಟು ಕೈಗೆ ಕೊಡುವವರಿದ್ದಾರೆ. ಮಾಡಬೇಡಿ. ಎಲ್ಲವನ್ನೂ ನಗದಿನಲ್ಲೇ ಕೊಡುವ ಮನೆಗಳ ಬಗ್ಗೆ ನಾನು ಇಲ್ಲಿ ಏನೂ ಹೇಳುವುದಿಲ್ಲ. ನಗದು ಕೊಟ್ಟ ಮಾತ್ರಕ್ಕೆ ಗಂಟೆಗಳ ಕಾನೂನು ತಪ್ಪಿಹೋಗುವುದಿಲ್ಲ ಎಂಬುದಷ್ಟು ತಿಳಿದಿರಲಿ.

ಇನ್ನೊಂದು ಜಾಣತನ ಪ್ರತಿ ಚಳಿಗಾಲವೂ ಯಾರಿಗಾದರೂ ಹೊಳೆಯುತ್ತದೆ. ಈ ಮಂಗಳವಾರ ಬರಲಿಲ್ಲ, ಸಂಬಳ ಕೊಟ್ಟಿದ್ದೇವೆ, ಮುಂದಿನ ಶನಿವಾರ ಬಂದು ತೀರಿಸಲಿ. ಅದೇ ವಾರದ ಶನಿವಾರವಾದರೆ ಸರಿ. ಅವರು ಒಪ್ಪಿದರೆ 36ಕ್ಕೆ 9 ಸೇರಿ 45, ಸಂಬಳ ಅದೇ 1,140. ಮುಂದಿನ ವಾರದ ಶನಿವಾರವಾದರೆ ಕಥೆಯೇ ಬೇರೆ. ಆ ವಾರ 54 ಗಂಟೆ ದುಡಿದಂತಾಯಿತು, 14 ಗಂಟೆ ಓವರ್‌ಟೈಮ್, ಒಟ್ಟು 1,464 ಡಾಲರ್. ಕಳೆದ ವಾರ ಕೊಟ್ಟದ್ದನ್ನು ಇದಕ್ಕೆ ವಜಾ ಹಾಕಿಕೊಳ್ಳಲು ಬರುವುದಿಲ್ಲ, ಏಕೆಂದರೆ ಕಾನೂನು ಪ್ರತಿ ವಾರವನ್ನೂ ಬೇರೆ ಬೇರೆಯಾಗಿಯೇ ನೋಡುತ್ತದೆ. ಒಂದು ವಾರದ ಗಂಟೆಗಳನ್ನು ಇನ್ನೊಂದು ವಾರಕ್ಕೆ ಸಾಲ ಕೊಟ್ಟು ತೀರಿಸಿಕೊಳ್ಳುವ ಪದ್ಧತಿ ಖಾಸಗಿ ಮನೆಗಳಿಗೆ ಇಲ್ಲ. ಹಾಗಾಗಿ ನಿಮ್ಮ ವಾರ ಯಾವ ದಿನ ಶುರುವಾಗುತ್ತದೆ ಎಂಬುದನ್ನೂ ಒಪ್ಪಂದದಲ್ಲಿ ಬರೆಯಿರಿ. ನಮ್ಮದು ಭಾನುವಾರದಿಂದ ಶನಿವಾರ.

ಇನ್ನು ಯಾವ ದಿನ ಯಾವ ಖಾತೆಗೆ ಹೋಗುತ್ತದೆ ಎಂಬ ವಿಂಗಡಣೆ. ನಾವೇ ಬರಬೇಡಿ ಎಂದರೆ ಪೂರ್ತಿ ಸಂಬಳ, ಅದರಲ್ಲಿ ಚರ್ಚೆ ಇಲ್ಲ. ನನ್ನ ಕಚೇರಿ ಮುಚ್ಚಿದೆ, ಊರಿನಿಂದ ಅಪ್ಪ ಅಮ್ಮ ಬಂದಿದ್ದಾರೆ, ನ್ಯಾನಿ ಬೇಕಾಗಿಲ್ಲ ಎಂದರೂ ಇದೇ ನಿಯಮ. ಅಜ್ಜಿ ತಾತ ಮಗು ನೋಡಿಕೊಂಡರು ಎಂದು ನ್ಯಾನಿಯ ಸಂಬಳ ಉಳಿಸುವುದು ನ್ಯಾಯವಲ್ಲ. ಸರ್ಕಾರವೇ ಸಂಚಾರ ನಿಲ್ಲಿಸಿದರೂ ಪೂರ್ತಿ ಸಂಬಳ. ಬಾಗಿಲವರೆಗೆ ಬಂದವರನ್ನು ವಾಪಸು ಕಳಿಸಿದರೂ ಪೂರ್ತಿ ದಿನದ್ದು. ಏಳೂವರೆಗೆ ಬರಬೇಕಾದವರು ರಸ್ತೆ ತೆರವಾಗಲೆಂದು ಕಾದು ಹತ್ತಕ್ಕೆ ಬಂದರೆ ಹತ್ತರಿಂದ ಲೆಕ್ಕ ಹಾಕುವ ಜಿಪುಣತನ ಬೇಡ, ಖಾತ್ರಿ ಎಂದ ಮೇಲೆ ಅದೂ ಖಾತ್ರಿಯೊಳಗೇ.

ಕಷ್ಟದ ದಿನ ಯಾವುದೆಂದರೆ ನಮಗೆ ಅವರು ಬೇಕು, ರಸ್ತೆ ಅಧಿಕೃತವಾಗಿ ತೆರೆದಿದೆ, ಅವರು ಮಾತ್ರ ಬರಲಾರೆ ಎನ್ನುತ್ತಾರೆ. ಇದಕ್ಕೆಂದೇ ವರ್ಷಕ್ಕೆ ಮೂರು ದಿನ ಸಂಬಳ ಸಹಿತ ಹಿಮದ ರಜೆ ಬರೆದಿಟ್ಟಿದ್ದೇವೆ. ಕಾರಣ ಕೇಳುವುದಿಲ್ಲ. ಅವರ ಬೀದಿಗೆ ಹಿಮ ತಳ್ಳುವ ಲಾರಿ ಬಂದಿರಲಿಕ್ಕಿಲ್ಲ, ಕಾರಿನ ಬಾಗಿಲು ಹೆಪ್ಪುಗಟ್ಟಿರಬಹುದು, ಅವರ ಮಕ್ಕಳ ಶಾಲೆಗೂ ರಜೆ ಇರಬಹುದು. ನಮ್ಮ ಮಕ್ಕಳ ಶಾಲೆ ಮುಚ್ಚಿದರೆ ಅವರ ಮಕ್ಕಳ ಶಾಲೆಯೂ ಮುಚ್ಚಿರುತ್ತದೆ ಎಂಬುದು ನಮಗೇಕೋ ನೆನಪಾಗುವುದೇ ಇಲ್ಲ. ನಾವು ಅವರಿಗೆ ಹೇಳಿದ್ದೇವೆ, ಅಂಥ ದಿನ ನಿಮ್ಮ ಮಕ್ಕಳನ್ನೂ ಕರೆದುಕೊಂಡೇ ಬನ್ನಿ ಎಂದು. ಮೂರು ದಿನ ಮುಗಿದ ಮೇಲೆ ಅವರ ವಾರ್ಷಿಕ ರಜೆಯಿಂದ ತೆಗೆದುಕೊಳ್ಳಬಹುದು, ಬೇಡವೆಂದರೆ ಸಂಬಳವಿಲ್ಲದ ರಜೆ, ಆಯ್ಕೆ ಅವರದು. ಕಾಯಿಲೆ ರಜೆಗೆ ಮಾತ್ರ ಕೈ ಹಾಕಬೇಡಿ. ನ್ಯೂಜೆರ್ಸಿಯಲ್ಲಿ 30 ಗಂಟೆ ದುಡಿದರೆ ಒಂದು ಗಂಟೆಯಂತೆ ವರ್ಷಕ್ಕೆ 40 ಗಂಟೆಯವರೆಗೆ ಸಂಬಳ ಸಹಿತ ಕಾಯಿಲೆ ರಜೆ ಕಾನೂನಿನ ಹಕ್ಕು. ಹಿಮಕ್ಕೆ ಅದನ್ನು ಖರ್ಚು ಮಾಡಿಸಿದರೆ ಫೆಬ್ರವರಿಯಲ್ಲಿ ಜ್ವರ ಬಂದಾಗ ಮೂಗು ಸೋರುತ್ತಲೇ ಬಂದು ನಿಮ್ಮ ಮಗುವಿಗೂ ಅಂಟಿಸುತ್ತಾರೆ.

ಸರ್ಕಾರ ಸಂಚಾರ ನಿಲ್ಲಿಸಿದರೆ ಎಂದೆನಲ್ಲ, ಅಲ್ಲೊಂದು ಗೊಂದಲವಿದೆ. ರಾಜ್ಯಪಾಲರು ತುರ್ತು ಪರಿಸ್ಥಿತಿ ಘೋಷಿಸಿದರು ಎಂದ ಮಾತ್ರಕ್ಕೆ ರಸ್ತೆಗೆ ಇಳಿಯುವಂತಿಲ್ಲ ಎಂದಲ್ಲ. ಆ ಘೋಷಣೆ ಮುಖ್ಯವಾಗಿ ಸರ್ಕಾರಿ ಇಲಾಖೆಗಳ ಕೈ ಬಿಚ್ಚಲು. ವಾಹನ ಸಂಚಾರ ನಿಷೇಧ ಎಂಬುದು ಬೇರೆಯೇ ಆದೇಶ, ಅಪರೂಪದ್ದು. 2015ರ ಜನವರಿ ಕೊನೆಯ ಬಿರುಗಾಳಿಯಲ್ಲಿ ಇಲ್ಲಿ ಹಾಗೆ ಮಾಡಿದ್ದರು. 2021ರ ಫೆಬ್ರವರಿ 1ರ ಹಿಮಪಾತದಲ್ಲಿ ತುರ್ತು ಪರಿಸ್ಥಿತಿಯ ಜೊತೆಗೆ ರಾಜ್ಯದ ಬಸ್ಸು ರೈಲುಗಳನ್ನೂ ನಿಲ್ಲಿಸಿದರು. ಬಸ್ಸಿನಲ್ಲಿ ಬರುವ ನ್ಯಾನಿಗೆ ಅದೂ ರಸ್ತೆ ಮುಚ್ಚಿದಂತೆಯೇ, ಒಪ್ಪಂದದಲ್ಲಿ ಹಾಗೇ ಬರೆಯಿರಿ. ಬೇರೆ ರಾಜ್ಯಗಳಲ್ಲಿ ವ್ಯವಸ್ಥೆ ಬೇರೆ. ಓಹಾಯೋದಲ್ಲಿ ಕೌಂಟಿಯ (ನಮ್ಮ ಜಿಲ್ಲೆಯಂಥದ್ದು) ಪೊಲೀಸ್ ಮುಖ್ಯಸ್ಥರಾದ ಶೆರಿಫ್ ಒಂದು, ಎರಡು, ಮೂರು ಎಂದು ಮಟ್ಟ ಘೋಷಿಸುತ್ತಾರೆ, ಮೂರನೆಯದೆಂದರೆ ತುರ್ತು ಸೇವೆಯವರನ್ನು ಬಿಟ್ಟು ಉಳಿದವರಿಗೆ ರಸ್ತೆ ಬಂದ್. ಇಂಡಿಯಾನದಲ್ಲಿ ಕೌಂಟಿಗಳಿಗೆ ಹಳದಿ, ಕಿತ್ತಳೆ, ಕೆಂಪು ಬಣ್ಣ ಬಳಿದ ನಕ್ಷೆಯೇ ಇದೆ. ಅಲ್ಲಿರುವವರಿಗೆ ಸುಲಭ: "ಮೂರನೇ ಮಟ್ಟ ಬಂದರೆ ಪೂರ್ತಿ ಸಂಬಳದ ರಜೆ" ಎಂದರೆ ಮುಗಿಯಿತು. ನಿಮ್ಮ ಕೌಂಟಿಯ ಜೊತೆಗೆ ಅವರ ಕೌಂಟಿಯ ಹೆಸರನ್ನೂ ಬರೆಯಲು ಮರೆಯಬೇಡಿ, ಅವರು ಹೊರಡುವುದು ಅಲ್ಲಿಂದ.

ನಮ್ಮ ಮನೆಯಲ್ಲಿ ನಿರ್ಧಾರ ಎರಡು ಹೊತ್ತಿಗೆ ಆಗುತ್ತದೆ, ಹಿಂದಿನ ರಾತ್ರಿ ಎಂಟಕ್ಕೆ ಮತ್ತು ಬೆಳಿಗ್ಗೆ ಐದೂವರೆಗೆ. ಇಲ್ಲಿನ ಸರ್ಕಾರಿ ಹವಾಮಾನ ಇಲಾಖೆ ನ್ಯಾಷನಲ್ ವೆದರ್ ಸರ್ವಿಸ್ ಮೊದಲು "ವಾಚ್" ಎಂದು ಹೊರಡಿಸುತ್ತದೆ, ಬಿರುಗಾಳಿ ಬರಬಹುದು ಎಂದರ್ಥ. ಆಗ ನಾನು ನನ್ನವರ ಪಾಳಿ ನೋಡಿಕೊಳ್ಳುತ್ತೇನೆ, ನ್ಯಾನಿಗೆ ಒಂದು ಮೆಸೇಜ್ ಹಾಕುತ್ತೇನೆ, ಅಷ್ಟೇ. "ವಾರ್ನಿಂಗ್" ಬಂತೆಂದರೆ ಬಹುತೇಕ ಖಚಿತ, ಅವತ್ತಿನ ರಾತ್ರಿಯೇ ನಿರ್ಧಾರ. "ಅಡ್ವೈಸರಿ" ಎಂದರೆ ತೊಂದರೆ ಇದೆ, ಎಚ್ಚರಿಕೆಯಿಂದ ಓಡಾಡಿ ಎಂಬ ಮಟ್ಟ, ಬೆಳಿಗ್ಗೆಯವರೆಗೆ ಕಾಯುತ್ತೇವೆ. ಬ್ಲಿಜರ್ಡ್ ಎಂಬುದಕ್ಕೆ ಅಳತೆ ಇಂಚಿನ ಹಿಮವಲ್ಲ: ಗಂಟೆಗೆ 35 ಮೈಲಿ ಅಥವಾ ಹೆಚ್ಚಿನ ಗಾಳಿ, ಕಾಲು ಮೈಲಿಗಿಂತ ಕಡಿಮೆ ಕಾಣುವ ದಾರಿ, ಹಾಗೆ ಮೂರು ಗಂಟೆ. ಆ ಮಾತು ಕೇಳಿದ ದಿನ ಬರಬೇಡಿ ಎನ್ನಲು ಎರಡನೇ ಯೋಚನೆ ಬೇಡ. ನನಗೆ ಹಿಮಕ್ಕಿಂತ ಹೆಚ್ಚು ಭಯ ಸಣ್ಣಗೆ ಸುರಿದು ಅಲ್ಲೇ ಗಡ್ಡೆಕಟ್ಟುವ ಮಳೆಯದು. ನೋಡಿದರೆ ರಸ್ತೆ ಬರೀ ಒದ್ದೆಯಾದಂತೆ ಕಾಣುತ್ತದೆ, ಮುನ್ಸೂಚನೆಯಲ್ಲಿ ಇಂಚಿನ ಲೆಕ್ಕವೂ ದೊಡ್ಡದಿರುವುದಿಲ್ಲ, ಬ್ರೇಕ್ ಒತ್ತಿದಾಗಲೇ ಗೊತ್ತಾಗುವುದು.

ಯಾರ ಮಾತು ಕೊನೆಯ ಮಾತು ಎಂಬುದೂ ಮೊದಲೇ ತೀರ್ಮಾನವಾಗಿರಲಿ. ರಜೆ ಕೊಡುವ ನಿರ್ಧಾರ ನಮ್ಮದು. ಕಾರು ಓಡಿಸಬಹುದೋ ಇಲ್ಲವೋ ಎಂಬ ನಿರ್ಧಾರ ಅವರದು. "ನಮ್ಮ ಕಡೆ ರಸ್ತೆ ಚೆನ್ನಾಗಿದೆ" ಎಂದು ಫೋಟೋ ಕಳಿಸಿ ಒತ್ತಾಯಿಸಬಾರದು. ರಾತ್ರಿ ಎಂಟಕ್ಕೆ ನಾನು ಕಳಿಸುವ ಮೆಸೇಜ್ ಹೀಗಿರುತ್ತದೆ: "ನಾಳೆ ವಾರ್ನಿಂಗ್ ಇದೆ. ಮನೆಯಲ್ಲೇ ಇರಿ. ನಾವು ಕೊಟ್ಟ ರಜೆ, ಪೂರ್ತಿ ಸಂಬಳ, ನಿಮ್ಮ ಮೂರು ದಿನದಲ್ಲಿ ಸೇರುವುದಿಲ್ಲ." ಕೊನೆಯ ವಾಕ್ಯ ಬೇಕೇ ಬೇಕು. ಅದಿಲ್ಲದಿದ್ದರೆ ತಿಂಗಳ ನಂತರ ಅವರೂ ನಾವೂ ಬೇರೆ ಬೇರೆ ಲೆಕ್ಕ ಹಿಡಿದು ನಿಂತಿರುತ್ತೇವೆ.

ಬರುವುದಕ್ಕಿಂತ ಹಿಂತಿರುಗುವ ದಾರಿ ಅಪಾಯದ್ದು, ಇದನ್ನು ಎಲ್ಲರೂ ಮರೆಯುತ್ತಾರೆ. ಡಿಸೆಂಬರ್‌ನಲ್ಲಿ ಇಲ್ಲಿ ನಾಲ್ಕೂವರೆಗೆಲ್ಲ ಸೂರ್ಯ ಮುಳುಗುತ್ತದೆ. ಮಧ್ಯಾಹ್ನ ಕರಗಿದ ನೀರು ಕತ್ತಲಾಗುತ್ತಿದ್ದಂತೆ ಮತ್ತೆ ಗಡ್ಡೆಯಾಗುತ್ತದೆ. ಮಧ್ಯಾಹ್ನದ ನಂತರ ಹಿಮ ಜೋರಾಗುತ್ತದೆ ಎಂದು ಗೊತ್ತಿದ್ದರೆ ನಾನು ಒಂದು ಗಂಟೆಗೇ ಅವರನ್ನು ಕಳಿಸಿಬಿಡುತ್ತೇನೆ, ಸಂಬಳ ನಾಲ್ಕೂವರೆಯವರೆಗಿನದು. ಕಾರಿನ ಮೇಲಿನ ಹಿಮ ತೆಗೆಯಲು ಬೇಕಾಗುವ ಸಮಯವನ್ನೂ ಲೆಕ್ಕಕ್ಕೆ ಹಿಡಿಯಿರಿ. ನ್ಯೂಜೆರ್ಸಿಯಲ್ಲಿ ಚಾವಣಿಯ ಮೇಲೆ ಹಿಮ ಹೊತ್ತುಕೊಂಡು ಓಡಿಸಿದರೆ 25ರಿಂದ 75 ಡಾಲರ್ ದಂಡ; ಗಾಜಿನಲ್ಲಿ ಒಂದು ಕಿಂಡಿ ಕೆರೆದುಕೊಂಡು ಹೊರಡುವ ಹಾಗಿಲ್ಲ.

ಅವರು ಬರುವ ದಿನ ನಮ್ಮ ಕಡೆಯ ಕೆಲಸವೂ ಇದೆ. ನಾವು ಡ್ರೈವ್‌ವೇಯಲ್ಲಿ, ಅಂದರೆ ಬೀದಿಯಿಂದ ಗ್ಯಾರೇಜಿನವರೆಗಿನ ನಮ್ಮ ಕಾರಿನ ದಾರಿಯಲ್ಲಿ, ಅವರ ಕಾರಿಗೆ ಜಾಗ ಮಾಡಿಕೊಡುತ್ತೇವೆ, ನನ್ನ ಕಾರು ಗ್ಯಾರೇಜಿನೊಳಗೆ. ಹಿಮದ ತುರ್ತು ಘೋಷಣೆಯಾದಾಗ ಬೀದಿಯಲ್ಲಿ ನಿಲ್ಲಿಸಿದ ಕಾರನ್ನು ಪುರಸಭೆಯವರು ಎಳೆದುಕೊಂಡು ಹೋಗಬಹುದು, ಆ ದಂಡ ಅವರ ತಲೆಗೆ ಬರಬಾರದು. ಆರೂವರೆಗೆಲ್ಲ ಮೆಟ್ಟಿಲಿಗೆ ಉಪ್ಪು ಎರಚಿರಬೇಕು. ಡ್ರೈವ್‌ವೇ ಪೂರ್ತಿ ಬಾಚಿ ಒಳಗೆ ಬಂದು ಕಾಫಿ ಲೋಟ ಹಿಡಿಯುವಷ್ಟರಲ್ಲಿ ಪುರಸಭೆಯ ಲಾರಿ ಬೀದಿಯ ಹಿಮವನ್ನೆಲ್ಲ ತಳ್ಳಿ ಆ ದಾರಿಯ ಬಾಯಿಗೇ ಮೊಣಕಾಲೆತ್ತರದ ದಿಬ್ಬ ಕಟ್ಟಿ ಹೋಗಿರುತ್ತದೆ. ಅದು ಪುಡಿ ಹಿಮವಲ್ಲ, ಉಪ್ಪು ನೀರು ಕಲ್ಲುಪುಡಿ ಕಲಸಿದ ಬೂದು ಬಣ್ಣದ ಭಾರದ ಮುದ್ದೆ, ಸಲಿಕೆಯ ಹಿಡಿಯೇ ಬಾಗುತ್ತದೆ. ಅದನ್ನೂ ಅವರು ಬರುವ ಮೊದಲೇ ತೆಗೆಯಬೇಕು. ನ್ಯಾನಿಯ ಕೈಗೆ ಸಲಿಕೆ ಕೊಡಬೇಡಿ. ಅವರೇ ಒಳ್ಳೆಯತನದಿಂದ ತೆಗೆದುಕೊಂಡರೂ ಬೇಡವೆನ್ನಿ. ಅದು ದುಡಿದ ಗಂಟೆಯೇ ಆಗುತ್ತದೆ, ಸೊಂಟ ಹಿಡಿದರೆ ಕೆಲಸದಲ್ಲಾದ ಪೆಟ್ಟೇ ಆಗುತ್ತದೆ. ಮೆಟ್ಟಿಲ ಮೇಲೆ ಜಾರಿ ಬಿದ್ದರೂ ಅಷ್ಟೇ. ಮನೆಯ ವಿಮೆಯಲ್ಲಿ ಮನೆಗೆಲಸದವರ ಅಪಘಾತ ಪರಿಹಾರ ಸೇರಿದೆಯೇ ಎಂದು ಏಜೆಂಟನ್ನು ನವೆಂಬರ್‌ನಲ್ಲೇ ಕೇಳಿ.

ಶಾಲೆಗೆ ರಜೆ ಎಂದಾಗ ಇನ್ನೊಂದು ಲೆಕ್ಕ ತೆರೆದುಕೊಳ್ಳುತ್ತದೆ. ಬೆಳಗಿನ ಐದಕ್ಕೆ ಶಾಲೆಯಿಂದ ಫೋನ್ ಬರುತ್ತದೆ: ಎರಡು ಗಂಟೆ ತಡ, ಇಲ್ಲವೇ ಪೂರ್ತಿ ರಜೆ. ನ್ಯಾನಿಯ ಗಂಟೆಗಳು ಬದಲಾಗುವುದಿಲ್ಲ, ಆದರೆ ಒಂದು ಮಗುವಿನ ಬದಲು ಎರಡು. ಹೆಚ್ಚಿನ ಮಗುವಿನ ಗಂಟೆಗೆ 3 ಡಾಲರ್ ಹೆಚ್ಚು ಎಂದು ನಾವು ಬರೆದಿದ್ದೇವೆ. ಒಂದೇ ವಾರ ಎರಡು ದರ ಬಂದರೆ ಓವರ್‌ಟೈಮನ್ನು ಇಡೀ ವಾರದ ಸರಾಸರಿ ದರದ ಮೇಲೆ ಲೆಕ್ಕ ಹಾಕಬೇಕು, ಸಂಬಳದ ಸಾಫ್ಟ್‌ವೇರ್ ಇದ್ದರೆ ಅದೇ ಮಾಡುತ್ತದೆ. ಇನ್ನೊಂದು ವಿಷಯ ಏಪ್ರಿಲ್‌ನಲ್ಲಿ ಬಂದು ಬಡಿಯುತ್ತದೆ. ಇಲ್ಲಿನ ಸರ್ಕಾರಿ ಶಾಲೆಗಳು ವರ್ಷಕ್ಕೆ 180 ದಿನ ತುಂಬಿಸಲೇಬೇಕು. ಹಿಮಕ್ಕೆ ಮೀಸಲಿಟ್ಟ ದಿನಗಳು ಮುಗಿದರೆ ವಸಂತದ ರಜೆಯನ್ನು ಕತ್ತರಿಸುತ್ತಾರೆ, ಇಲ್ಲವೇ ಜೂನ್‌ಗೆ ಎಳೆಯುತ್ತಾರೆ. ನೀವು ನೀವಾಗಿ ರಜೆಯ ತಾರೀಕು ಬದಲಿಸಿಕೊಂಡು, ಅದೇ ವಾರ ವಿಮಾನದ ಟಿಕೆಟ್ ಮಾಡಿಸಿದ ನ್ಯಾನಿಗೂ ಬದಲಿಸಿ ಎನ್ನುವಂತಿಲ್ಲ. ಶಾಲೆಯ ಕ್ಯಾಲೆಂಡರನ್ನು ಸೆಪ್ಟೆಂಬರ್‌ನಲ್ಲೇ ಅವರಿಗೆ ಕೊಟ್ಟು, ಯಾವ ದಿನಗಳು ಅಲುಗಾಡಬಹುದು ಎಂದು ಗುರುತು ಹಾಕಿಬಿಡಿ.

ಅವರು ರಾತ್ರಿ ನಮ್ಮಲ್ಲೇ ಉಳಿಯಬೇಕಾಗಿ ಬಂದರೆ? ಇದರಲ್ಲಿ ಎರಡು ಬಗೆ. ನಾನು ಮನೆಯಲ್ಲಿದ್ದೇನೆ, ನಾಲ್ಕೂವರೆಗೆ ಮಕ್ಕಳನ್ನು ನಾನು ವಹಿಸಿಕೊಂಡೆ, ರಸ್ತೆ ಕೆಟ್ಟಿರುವುದರಿಂದ ಅವರು ಉಳಿದರು ಎಂದರೆ ಅವರು ನಮ್ಮ ಮನೆಯ ಅತಿಥಿ. ಹಾಸಿಗೆ, ಊಟ ನಮ್ಮದು. ಸಂಬಳದ ಗಡಿಯಾರ ನಿಂತಿದೆ. ಇದನ್ನು ಬಾಯಿಬಿಟ್ಟು ಹೇಳಿ, ಮಗಳು ಅತ್ತರೆ ನೀವು ಏಳಬೇಡಿ ಎಂದು. ಅತಿಥಿ ಎಂದು ಹೇಳಿ ಪಾತ್ರೆ ತೊಳೆಸಬೇಡಿ. ಇನ್ನೊಂದು ಬಗೆ, ನನ್ನವರು ಆಸ್ಪತ್ರೆಯಲ್ಲಿ ಸಿಕ್ಕಿಬಿದ್ದಿದ್ದಾರೆ, ನಾನು ದಾರಿಯಲ್ಲಿ ಸಿಕ್ಕಿಬಿದ್ದಿದ್ದೇನೆ, ಮಕ್ಕಳು ಅವರ ಕೈಯಲ್ಲಿ. ಆಗ ಅವರು ಮಲಗಿದ್ದರೂ ಕೆಲಸದಲ್ಲಿದ್ದಾರೆ. ಸತತ 24 ಗಂಟೆಗಿಂತ ಕಡಿಮೆ ಪಾಳಿಯಾದರೆ ನಿದ್ದೆಯ ಹೊತ್ತೂ ದುಡಿದ ಹೊತ್ತು ಎಂಬುದು ಕೇಂದ್ರ ನಿಯಮ. ಸೋಮವಾರ ಏಳೂವರೆಯಿಂದ ಮಂಗಳವಾರ ಬೆಳಿಗ್ಗೆ ಆರಕ್ಕೆ ನಾನು ಮನೆ ಸೇರಿದರೆ ಇಪ್ಪತ್ತೆರಡೂವರೆ ಗಂಟೆ, ಅಷ್ಟಕ್ಕೂ ಸಂಬಳ. 24 ಗಂಟೆ ಅಥವಾ ಅದಕ್ಕೂ ಹೆಚ್ಚಾದರೆ, ಮೊದಲೇ ಒಪ್ಪಂದವಿದ್ದು ಮಲಗಲು ಸರಿಯಾದ ಜಾಗ ಕೊಟ್ಟಿದ್ದರೆ, ಎಂಟು ಗಂಟೆಯವರೆಗೆ ನಿದ್ದೆಯ ಸಮಯ ಕಳೆಯಬಹುದು. ಅದರಲ್ಲೂ ಐದು ಗಂಟೆಯಾದರೂ ನಿದ್ದೆ ಸಿಗದಿದ್ದರೆ ಒಂದು ನಿಮಿಷವನ್ನೂ ಕಳೆಯುವಂತಿಲ್ಲ. ಇದಕ್ಕೆ ನಾವು ಮಾಡಿಕೊಂಡಿರುವ ಏರ್ಪಾಡು ಸರಳ. ಕೋಣೆಯ ಕಪಾಟಿನಲ್ಲಿ ಅವರ ಒಂದು ಜೊತೆ ಬಟ್ಟೆ, ಹಲ್ಲುಜ್ಜುವ ಬ್ರಷ್, ಫೋನ್ ಚಾರ್ಜರ್, ಅವರ ಮಾತ್ರೆ ನವೆಂಬರ್‌ನಿಂದಲೇ ಇರುತ್ತವೆ. ಉಳಿಯಿರಿ ಎಂದು ಕೇಳುವುದು ನಮ್ಮ ಹಕ್ಕಲ್ಲ, ಉಳಿಯಲು ಒಪ್ಪುವುದು ಅವರ ಉಪಕಾರ.

ಹಿಮದ ದಿನ ನ್ಯಾನಿ ಮನೆಯಲ್ಲಿದ್ದಾಗ ಗೊತ್ತಿರಲೇಬೇಕಾದದ್ದು ಒಂದು: ಮನೆ ಬೆಚ್ಚಗಿಡುವ ಫರ್ನೇಸಿನ ಹೊಗೆ ಹೊರಹೋಗುವ ಕೊಳವೆ ಮನೆಯ ಯಾವ ಗೋಡೆಯಲ್ಲಿದೆ ಎಂಬುದು. ಹಿಮ ಗೋಡೆಗೆ ಒರಗಿ ಅದರ ಬಾಯಿ ಮುಚ್ಚಿದರೆ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲ ಒಳಗೇ ತುಂಬುತ್ತದೆ. ಅಲಾರಂ ಕೂಗಿದರೆ ಮಕ್ಕಳನ್ನೆತ್ತಿಕೊಂಡು ಹೊರಗೆ, ಆಮೇಲೆ ತುರ್ತು ಸೇವೆಯ 911, ಆಮೇಲೆ ನನಗೆ ಫೋನ್, ಇದೇ ಅನುಕ್ರಮದಲ್ಲಿ.

ನ್ಯಾನಿಯನ್ನು ಎರಡು ಮನೆಯವರು ಹಂಚಿಕೊಂಡಿದ್ದರೆ ಮೇಲಿನದೆಲ್ಲ ಇಮ್ಮಡಿ ಜಟಿಲ. ಒಂದು ಮನೆಯವರು ಬನ್ನಿ ಎನ್ನುತ್ತಾರೆ, ಇನ್ನೊಂದು ಮನೆಯವರು ಬೇಡ ಎನ್ನುತ್ತಾರೆ, ನಡುವೆ ಅವರು ಅಡಕತ್ತರಿಯಲ್ಲಿ ಸಿಕ್ಕಿಕೊಳ್ಳುತ್ತಾರೆ. ಯಾರ ಮನೆಯಲ್ಲಿ ಅವತ್ತು ಮಕ್ಕಳಿರುತ್ತಾರೋ ಆ ಮನೆಯವರದೇ ನಿರ್ಧಾರ, ಮಗುವನ್ನು ಕಳಿಸದ ಮನೆಯವರೂ ತಮ್ಮ ಪಾಲು ಕೊಡಬೇಕು ಎಂದು ಬರೆದುಕೊಂಡ ಗೆಳತಿಯ ಮನೆಯಲ್ಲಿ ಈವರೆಗೆ ಜಗಳವಾಗಿಲ್ಲ.

ಲೆಕ್ಕಕ್ಕೆ ನಾವು ಫ್ರಿಜ್ಜಿನ ಪಕ್ಕ ತೂಗುಹಾಕಿದ ಒಂದು ಪುಸ್ತಕ ಸಾಕು. ತಾರೀಕು, ಬಂದ ಹೊತ್ತು, ಹೋದ ಹೊತ್ತು, ಬಾರದ ದಿನ ಯಾವ ಬಗೆಯದು, ಇಬ್ಬರ ಸಹಿ. ಸಂಬಳದ ದಾಖಲೆಗಳನ್ನು ಕೇಂದ್ರ ಕಾನೂನಿನಂತೆ ಮೂರು ವರ್ಷ ಇಡಬೇಕು, ತೆರಿಗೆಯವರಿಗೆ ನಾಲ್ಕು ವರ್ಷ. ನಾನು ಯಾವುದನ್ನೂ ಎಸೆಯುವುದಿಲ್ಲ. ಶುಕ್ರವಾರದ ಸಂಬಳ ಶುಕ್ರವಾರವೇ ಅವರ ಖಾತೆಗೆ ಹೋಗುತ್ತದೆ, ಹಿಮಕ್ಕೆ ಬ್ಯಾಂಕಿಗೆ ಹೋಗಲಾಗಲಿಲ್ಲ ಎಂಬ ನೆಪ ಇಲ್ಲದಂತೆ. ಮೂರು ದಿನದ ಹಿಮದ ರಜೆಯಲ್ಲಿ ಉಳಿದದ್ದು ಮುಂದಿನ ವರ್ಷಕ್ಕೆ ಸೇರುವುದಿಲ್ಲ, ನಗದಾಗಿಯೂ ಸಿಗುವುದಿಲ್ಲ ಎಂದು ಒಪ್ಪಂದದಲ್ಲಿದೆ. ಒಂದು ದಿನವನ್ನೂ ಬಳಸದ ಚಳಿಗಾಲ ಬಂದರೆ ಮಾರ್ಚ್ ಕೊನೆಗೆ ಬಿಸಿಲು ಬಿದ್ದ ಶುಕ್ರವಾರವೊಂದನ್ನು ಅವರೇ ಆರಿಸಿಕೊಂಡು ಸಂಬಳ ಸಹಿತ ರಜೆ ಪಡೆಯಬಹುದು. ಆ ಸಾಲು ಸೇರಿಸಿ ಎಂದವರು ಅವರೇ, ನನಗೂ ಸರಿಯೆನಿಸಿತು.